ಬೀಗುವ ಹಾಡು, ಬೇಡುವ ಹಾಡು

ಪ್ರಶ್ನೆ: ನಾನು ಹಾಸನದವನು, ನಿವೃತ್ತ ಬ್ಯಾಂಕ್ ನೌಕರ. ಮಗ ಕಾರ್ಡಿಫ್‌ನಲ್ಲಿದ್ದಾನೆ. ಹೋದ ಚಳಿಗಾಲದಲ್ಲಿ ಅವನಲ್ಲಿಗೆ ಹೋಗಿದ್ದಾಗ ರಗ್ಬಿ ನೋಡಲು ಕರೆದುಕೊಂಡು ಹೋದ. ಆಟದ ತಲೆಬುಡ ಗೊತ್ತಾಗಲಿಲ್ಲ. ಆದರೆ ಆಟಕ್ಕೆ ಮೊದಲು ಇಡೀ ಸ್ಟೇಡಿಯಂ ಎದ್ದು ನಿಂತು ವೇಲ್ಸ್‌ನ ಗೀತೆ ಹಾಡಿದಾಗ ಮೈ ಜುಮ್ಮೆಂದಿತು, ಕಣ್ಣಲ್ಲಿ ನೀರು ಬಂತು. ಅದರ ಒಂದು ಪದವೂ ನನಗೆ ಗೊತ್ತಿಲ್ಲ! ನಮ್ಮ ಬಡಾವಣೆಯಲ್ಲಿ ಆಗಸ್ಟ್ 15ಕ್ಕೆ ಜನಗಣಮನ ಹಾಕಿದಾಗ ಈಚೆಗೆ ಹಾಗೇನೂ ಆಗುವುದಿಲ್ಲ. ನನ್ನ ದೇಶಪ್ರೇಮಕ್ಕೇ ಏನಾದರೂ ಆಗಿದೆಯಾ? ನಿಮ್ಮ ಪ್ರಕಾರ ಜಗತ್ತಿನ ಅತ್ಯುತ್ತಮ ರಾಷ್ಟ್ರಗೀತೆ ಯಾವುದು?

ಉತ್ತರ: ನಿಮ್ಮ ದೇಶಪ್ರೇಮಕ್ಕೆ ಏನೂ ಆಗಿಲ್ಲ ಸರ್, ನೆಮ್ಮದಿಯಾಗಿರಿ. ನಾನು 31 ವರ್ಷ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದವನು. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಹಾರ್ಮೋನಿಯಂ ಮುಂದೆ ನಿಂತವನು. ಲೆಕ್ಕ ಹಾಕಿದರೆ ಜನಗಣಮನವನ್ನು ಆರೇಳು ಸಾವಿರ ಸಲ ನುಡಿಸಿರಬೇಕು. ಅದರಲ್ಲಿ ಮೈ ಜುಮ್ಮೆಂದದ್ದು ಎಷ್ಟು ಸಲ ಅಂತ ಕೇಳಿದರೆ ಇಪ್ಪತ್ತೋ ಮೂವತ್ತೋ ಸಲ ಇರಬಹುದು. ಉಳಿದ ದಿನಗಳಲ್ಲಿ ಯಾವ ಹುಡುಗ ಪಕ್ಕದವನನ್ನು ಚಿವುಟುತ್ತಿದ್ದಾನೆ ಅಂತ ನೋಡುವುದರಲ್ಲೇ ನನ್ನ ಗಮನ ಇರುತ್ತಿತ್ತು. ಹಾಗಂತ ಆ ದಿನಗಳಲ್ಲಿ ನಾನು ದೇಶದ್ರೋಹಿಯಾಗಿದ್ದೆನಾ? ಇಲ್ಲ ಅಲ್ವಾ.

‘ಅತ್ಯುತ್ತಮ’ ಅನ್ನುವ ಪದವನ್ನು ಮೊದಲೇ ಪಕ್ಕಕ್ಕೆ ಇಟ್ಟುಬಿಡೋಣ. ಯುನೆಸ್ಕೋ ನಮ್ಮ ರಾಷ್ಟ್ರಗೀತೆಯನ್ನು ಜಗತ್ತಿನ ಅತ್ಯುತ್ತಮ ಅಂತ ಘೋಷಿಸಿದೆ ಎಂಬ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತದೆ. ನನಗಂತೂ ಪ್ರತಿ ಆಗಸ್ಟ್‌ನಲ್ಲೂ ನಾಲ್ಕು ಕಡೆಯಿಂದ ಬರುತ್ತದೆ. ಅದು ಶುದ್ಧ ಸುಳ್ಳು. ಹಾಗೇನೂ ಮಾಡಿಲ್ಲ ಅಂತ ಯುನೆಸ್ಕೋ 2008ರಲ್ಲೇ ಹೇಳಿದೆ. ಯಾರ ಅಮ್ಮ ಒಳ್ಳೆಯ ಅಮ್ಮ ಅಂತ ಪಂದ್ಯ ಇಡುತ್ತಾರೆಯೇ? ಇದೂ ಹಾಗೇ. ಆದರೆ ನಿಮ್ಮ ಮೆಚ್ಚಿನದು ಯಾವುದು ಅಂತ ಕೇಳಿದರೆ ಹೇಳಬಲ್ಲೆ. ಯಾಕೆ ಮೆಚ್ಚು ಅನ್ನುವುದನ್ನೂ ಹೇಳಬಲ್ಲೆ. ಅದಕ್ಕೆ ಸ್ವಲ್ಪ ಸುತ್ತು ಹಾಕಿ ಬರಬೇಕಾಗುತ್ತದೆ.

ಮೈ ಜುಮ್ಮೆನ್ನುವುದು ತೀರಾ ಹಳೆಯ ಕಾಲದ ಕೆಲಸ. ಪ್ರತಿ ಕೂದಲಿನ ಬುಡದಲ್ಲೂ ಒಂದು ಪುಟ್ಟ ಸ್ನಾಯು ಇದೆ. ಚಳಿಗೋ ಹೆದರಿಕೆಗೋ ಅದು ಬಿಗಿಯುತ್ತದೆ, ಕೂದಲು ನಿಮಿರುತ್ತದೆ. ಹಾಡು ಕೇಳಿದಾಗ ಕೆಲಸ ಮಾಡುವುದೂ ಅದೇ ಸ್ನಾಯು. 2001ರಲ್ಲಿ ಮಾಂಟ್ರಿಯಲ್‌ನಲ್ಲಿ ಆನ್ ಬ್ಲಡ್ ಮತ್ತು ರಾಬರ್ಟ್ ಜಟೋರ್ ಒಂದು ಪ್ರಯೋಗ ಮಾಡಿದರು. ನಿಮಗೆ ಜುಮ್ಮೆನ್ನಿಸುವ ಸಂಗೀತವನ್ನು ನೀವೇ ಆರಿಸಿ ತನ್ನಿ ಅಂತ ಕೆಲವರಿಗೆ ಹೇಳಿದರು. ಅದನ್ನು ಕೇಳಿಸುತ್ತ ಅವರ ಮೆದುಳಿನ ಚಿತ್ರ ತೆಗೆದರು. ಹಸಿದವನಿಗೆ ಊಟ ಸಿಕ್ಕಾಗ ಮೆದುಳಿನ ಯಾವ ಭಾಗಗಳು ಚುರುಕಾಗುತ್ತವೋ ಅವೇ ಚುರುಕಾದವು. ನನಗೆ ಹಿಡಿಸಿದ್ದು ಅದಲ್ಲ. ಹೋಲಿಸಿ ನೋಡುವುದಕ್ಕೆ ಅವರು ಒಬ್ಬರು ತಂದ ಸಂಗೀತವನ್ನು ಇನ್ನೊಬ್ಬರಿಗೆ ಕೇಳಿಸಿದ್ದರು. ಒಬ್ಬರನ್ನು ನಡುಗಿಸಿದ್ದು ಇನ್ನೊಬ್ಬರಿಗೆ ಸಪ್ಪೆ. ಅಂದರೆ ಜುಮ್ಮೆನ್ನಿಸುವ ಗುಣ ಪೂರ್ತಿ ಹಾಡಿನಲ್ಲೇ ಇಲ್ಲ. ಅರ್ಧ ಕೇಳುವವರ ಒಳಗಿದೆ.

ಹಾಗಿದ್ದರೆ ಪದವೇ ಗೊತ್ತಿಲ್ಲದ ಹಾಡು ಹಾಸನದವರನ್ನು ಹೇಗೆ ಅಲುಗಾಡಿಸಿತು? ಆ ಹಾಡಿನ ಕತೆ ಕೇಳಿ.

ವೇಲ್ಸ್‌ನ ಪೊಂಟಿಪ್ರಿತ್ ಅನ್ನುವ ಊರಿನಲ್ಲಿ ಇವಾನ್ ಜೇಮ್ಸ್ ಅಂತ ಒಬ್ಬ ನೇಕಾರ ಇದ್ದ. ಪದ್ಯ ಬರೆಯುವ ಹವ್ಯಾಸ. ಅವನ ಮಗನ ಹೆಸರು ಜೇಮ್ಸ್ ಜೇಮ್ಸ್. ಹೆಸರಿನಲ್ಲೇ ಪಲ್ಲವಿ ಇದೆ ನೋಡಿ. ಮಗ ಹಾರ್ಪ್ ನುಡಿಸುತ್ತಿದ್ದ. 1856ರ ಜನವರಿಯಲ್ಲಿ ಮಗ ನದಿ ದಂಡೆಯಲ್ಲಿ ಓಡಾಡುತ್ತ ಒಂದು ಧಾಟಿ ಕಟ್ಟಿದ, ಅಪ್ಪ ಅದಕ್ಕೆ ಮಾತು ಬರೆದ. ಯಾವ ಸರ್ಕಾರವೂ ಕೇಳಿರಲಿಲ್ಲ. ಇವತ್ತಿಗೂ ಅದನ್ನು ರಾಷ್ಟ್ರಗೀತೆ ಅಂತ ಮಾಡಿದ ಕಾನೂನು ಇಲ್ಲ. ಜನ ಹಾಡಿದರು, ಆಯಿತು, ಅಷ್ಟೇ. 1905ರ ಡಿಸೆಂಬರ್ 16ರಂದು ಕಾರ್ಡಿಫ್‌ಗೆ ನ್ಯೂಜಿಲೆಂಡ್ ತಂಡ ಬಂತು. ಆ ಪ್ರವಾಸದಲ್ಲಿ ಅವರನ್ನು ಯಾರೂ ಸೋಲಿಸಿರಲಿಲ್ಲ. ಆಟಕ್ಕೆ ಮೊದಲು ಅವರು ತೊಡೆ ತಟ್ಟಿಕೊಂಡು ಹಾಕಾ ಕುಣಿತ ಕುಣಿದರು. ಅದಕ್ಕೆ ಉತ್ತರ ಅಂತ ವೇಲ್ಸ್ ಆಟಗಾರರು ಈ ಹಾಡು ಎತ್ತಿಕೊಂಡರು. ಸುತ್ತ ಇದ್ದ ಜನ ದನಿ ಸೇರಿಸಿದರು. ಆಟ ಶುರುವಾಗುವ ಮೊದಲು ರಾಷ್ಟ್ರಗೀತೆ ಹಾಡಿದ್ದು ಅದೇ ಮೊದಲು ಅಂತ ಹೇಳುತ್ತಾರೆ. ಇವತ್ತು ಕ್ರಿಕೆಟ್‌ಗೆ ಮುಂಚೆ ನಮ್ಮವರು ಸಾಲಾಗಿ ನಿಂತು ಹಾಡುತ್ತಾರಲ್ಲ, ಆ ಪದ್ಧತಿಯ ಬೇರು ಅಲ್ಲಿದೆ. ಅವತ್ತು ವೇಲ್ಸ್ 3-0ಯಿಂದ ಗೆದ್ದಿತು.

ನೀವು ಕೂತಿದ್ದ ಸ್ಟೇಡಿಯಂ 70 ಸಾವಿರಕ್ಕಿಂತ ಜಾಸ್ತಿ ಜನ ಹಿಡಿಸುತ್ತದೆ. ಹಾಡಿನ ಚರಣ ತಗ್ಗಿನಲ್ಲಿ, ಅಜ್ಜ ಕತೆ ಹೇಳುವ ಹಾಗೆ ಹೋಗುತ್ತದೆ. ಆಮೇಲೆ ಪಲ್ಲವಿ ಬರುತ್ತದೆ, ‘ಗ್ವ್ಲಾಡ್, ಗ್ವ್ಲಾಡ್’ ಅಂತ. ಎರಡೂ ಉದ್ದನೆಯ ಸ್ವರ. ಅಷ್ಟು ಜನ ಒಟ್ಟಿಗೆ ಉಸಿರು ಎಳೆದು ಒಟ್ಟಿಗೆ ಬಿಡುತ್ತಾರೆ. ನಿಮಗೆ ಜುಮ್ಮೆಂದದ್ದು ಅಲ್ಲೇ ಇರಬೇಕು ಅಂತ ಪಂದ್ಯ ಕಟ್ಟುತ್ತೇನೆ. ‘ಗ್ವ್ಲಾಡ್’ ಅಂದರೆ ಏನು ಗೊತ್ತಾ? ನಾಡು. ‘ನಾಡೇ, ನಾಡೇ’ ಅಂತ ಕೂಗುತ್ತಾರೆ, ಅಷ್ಟೇ.

ಕೊನೆಯ ಸಾಲು ಇನ್ನೂ ಮುಖ್ಯ. ಅದರಲ್ಲಿ ಗೆದ್ದ ಮಾತಿಲ್ಲ, ಸೈನ್ಯ ಇಲ್ಲ. ನಮ್ಮ ಹಳೆಯ ಭಾಷೆ ಉಳಿಯಲಿ ಅಂತ ಕೇಳಿಕೊಳ್ಳುತ್ತಾರೆ. 19ನೇ ಶತಮಾನದಲ್ಲಿ ಅಲ್ಲಿನ ಕೆಲವು ಶಾಲೆಗಳಲ್ಲಿ ಮಗು ವೆಲ್ಷ್ ಮಾತಾಡಿದರೆ ಕುತ್ತಿಗೆಗೆ ಮರದ ಹಲಗೆ ತೂಗುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಮಾತಾಡಿ ಸಿಕ್ಕಿಬೀಳುವ ತನಕ ಅದು ಇದರ ಕುತ್ತಿಗೆಯಲ್ಲೇ. ದಿನದ ಕೊನೆಗೆ ಯಾರ ಕುತ್ತಿಗೆಯಲ್ಲಿ ಇರುತ್ತದೋ ಅವರಿಗೆ ಏಟು. ನಮ್ಮಲ್ಲೂ ಕನ್ನಡ ಮಾತಾಡಿದರೆ ದಂಡ ಹಾಕುವ ಶಾಲೆಗಳನ್ನು ನೋಡಿದ್ದೇವೆ. ನನ್ನ ಅಕ್ಕನ ಮಗಳು ಹಾಗೆ ಐದು ರೂಪಾಯಿ ಕಟ್ಟಿ ಬಂದಿದ್ದಳು. ‘ಅಮ್ಮಾ’ ಅಂದಿದ್ದಕ್ಕೆ! 2021ರ ಜನಗಣತಿಯ ಪ್ರಕಾರ ವೇಲ್ಸ್‌ನಲ್ಲಿ ವೆಲ್ಷ್ ಮಾತಾಡಬಲ್ಲವರು ಶೇಕಡಾ 17.8 ಮಾತ್ರ. ಅಂದರೆ ನಿಮ್ಮ ಅಕ್ಕಪಕ್ಕ ಗಂಟಲು ಹರಿದುಕೊಂಡು ಹಾಡುತ್ತಿದ್ದವರಲ್ಲಿ ಬಹಳ ಜನಕ್ಕೆ ಆ ಭಾಷೆಯಲ್ಲಿ ಒಂದು ಲೋಟ ನೀರು ಕೇಳಲೂ ಬರುವುದಿಲ್ಲ. ಆದರೂ ಭಾಷೆ ಉಳಿಯಲಿ ಅಂತ ಹಾಡುತ್ತಾರೆ. ಪದ ತಿಳಿಯದಿದ್ದರೂ ಆ ಕೊರಗು ದನಿಯಲ್ಲಿ ಇರುತ್ತದೆ ಸರ್. ಕನ್ನಡದವರ ಕಿವಿ ಅದನ್ನು ಗುರುತು ಹಿಡಿಯುತ್ತದೆ ಅಂತ ನನ್ನ ನಂಬಿಕೆ. ಪ್ರಯೋಗ ಮಾಡಿ ತೋರಿಸು ಅಂದರೆ ಆಗುವುದಿಲ್ಲ.

ಒಂದು ಅಡ್ಡ ಮಾತು. ಇದೇ ಧಾಟಿ ನಮ್ಮ ದೇಶದಲ್ಲೂ ಇದೆ. 1841ರಲ್ಲಿ ವೇಲ್ಸ್‌ನ ಪಾದ್ರಿ ಥಾಮಸ್ ಜೋನ್ಸ್ ಚಿರಾಪುಂಜಿಗೆ ಬಂದ. ಅವನ ಹಿಂದೆ ಇನ್ನಷ್ಟು ಮಂದಿ ಬಂದರು, ಅವರ ಹಾಡುಗಳೂ ಬಂದವು. ಮೇಘಾಲಯದ ಖಾಸಿ ಜನ ತಮ್ಮ ನಾಡಿನ ಹಾಡನ್ನು ಈ ಧಾಟಿಯಲ್ಲೇ ಹಾಡುತ್ತಾರೆ. ಶಿಲ್ಲಾಂಗ್‌ನವರನ್ನು ಕಾರ್ಡಿಫ್‌ನಲ್ಲಿ ನಿಮ್ಮ ಪಕ್ಕ ಕೂರಿಸಿದ್ದರೆ ಅವರೂ ದನಿ ಸೇರಿಸುತ್ತಿದ್ದರು, ಬೇರೆ ಮಾತು ಹಾಕಿಕೊಂಡು.

ಈಗ ನನ್ನ ಲೆಕ್ಕಾಚಾರ ಹೇಳುತ್ತೇನೆ. ರಾಷ್ಟ್ರಗೀತೆಗಳಲ್ಲಿ ಎರಡು ಬಗೆ. ಬೀಗುವ ಹಾಡು, ಬೇಡುವ ಹಾಡು. ನಮ್ಮ ಬೆಟ್ಟ ಎತ್ತರ, ನಮ್ಮ ಕತ್ತಿ ಹರಿತ, ನಮ್ಮ ಬಾವುಟ ಯಾರಿಗೂ ಬಗ್ಗದು ಅನ್ನುವುದು ಬೀಗುವ ಹಾಡು. ನಮ್ಮನ್ನು ಕಾಪಾಡು, ನಮ್ಮ ಮಾತು ಉಳಿಯಲಿ, ಒಳ್ಳೆಯ ದಿನ ಬರಲಿ ಅನ್ನುವುದು ಬೇಡುವ ಹಾಡು. ಬೀಗುವ ಹಾಡು ಆ ದೇಶದವರಿಗೆ ಮಾತ್ರ ರುಚಿ. ಬೇಡುವ ಹಾಡು ಪರದೇಶದವನಿಗೂ ತಟ್ಟುತ್ತದೆ. ಬೇಡುವುದು ಯಾರಿಗೆ ಗೊತ್ತಿಲ್ಲ ಹೇಳಿ? ಹೆಮ್ಮೆ ಹುಟ್ಟುವುದು ಬೀಗುವುದರಿಂದ ಅಂತ ನಾವು ಅಂದುಕೊಂಡಿದ್ದೇವೆ. ನನ್ನ ಅನುಭವದಲ್ಲಿ ಅದು ಉಲ್ಟಾ.

ನಮ್ಮ ಅಜ್ಜಿ ಮೈಸೂರಿನವರು. ಹಳೆಯ ಮೈಸೂರು ಸಂಸ್ಥಾನಕ್ಕೆ ಒಂದು ಗೀತೆ ಇತ್ತು, ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀಗೌರಿ’. ಸಂಸ್ಥಾನ ಹೋಗಿ ಎಷ್ಟೋ ವರ್ಷವಾಗಿತ್ತು. ದಸರಾ ಹೊತ್ತಿನಲ್ಲಿ ರೇಡಿಯೋದಲ್ಲಿ ಬ್ಯಾಂಡಿನವರು ಅದನ್ನು ನುಡಿಸಿದರೆ ಅಜ್ಜಿ ಕೈಯಲ್ಲಿದ್ದ ಸೌಟು ಹಾಗೇ ಹಿಡಿದುಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಹುಳಿ ಕುದಿದು ಉಕ್ಕಿದರೂ ಕದಲುತ್ತಿರಲಿಲ್ಲ. ಆ ಹಾಡಿನ ಮೊದಲ ಪದವೇ ‘ಕಾಯೌ’. ಕಾಪಾಡು ತಾಯಿ. ಇದೂ ಬೇಡಿಕೆಯೇ.

ಬೇಡುವ ಹಾಡುಗಳ ರಾಜ ಅಂದರೆ ದಕ್ಷಿಣ ಆಫ್ರಿಕಾದ್ದು. ನನ್ನ ಮೆಚ್ಚು ಕೇಳಿದಿರಲ್ಲ, ನಮ್ಮದನ್ನು ಬಿಟ್ಟರೆ ಅದೇ. 1897ರಲ್ಲಿ ಜೋಹಾನ್ಸ್‌ಬರ್ಗ್ ಹತ್ತಿರ ಒಂದು ಮಿಷನ್ ಶಾಲೆಯಲ್ಲಿ ಎನೋಕ್ ಸೊಂಟೋಂಗಾ ಅನ್ನುವ ಮೇಷ್ಟ್ರು ಮಕ್ಕಳಿಗಾಗಿ ಒಂದು ಪ್ರಾರ್ಥನೆ ಕಟ್ಟಿದರು. ಖೋಸಾ ಭಾಷೆಯಲ್ಲಿ ‘ಎನ್ಕೋಸಿ ಸಿಕೆಲೆಲಿ ಆಫ್ರಿಕಾ’. ದೇವರೇ, ಆಫ್ರಿಕಾವನ್ನು ಹರಸು. ಶಾಲೆ ಮೇಷ್ಟ್ರು ಕಟ್ಟಿದ್ದು ಅಂತ ನನಗೆ ಸ್ವಲ್ಪ ಜಾಸ್ತಿ ಪ್ರೀತಿ ಇರಬಹುದು, ಒಪ್ಪಿಕೊಳ್ಳುತ್ತೇನೆ. ಅವರು 1905ರಲ್ಲೇ ತೀರಿಕೊಂಡರು. ತಮ್ಮ ಹಾಡು ಏನಾಯಿತು ಅಂತ ನೋಡಲಿಲ್ಲ. 1912ರ ಜನವರಿ 8ರಂದು ಬ್ಲೂಮ್‌ಫಾಂಟೇನ್‌ನಲ್ಲಿ ಕರಿಯರ ರಾಜಕೀಯ ಸಂಘಟನೆ ಶುರುವಾಯಿತು. ಮುಂದೆ ಮಂಡೇಲಾ ಅವರ ಪಕ್ಷವಾದದ್ದು ಅದೇ. ಆ ಸಭೆ ಮುಗಿದದ್ದು ಈ ಹಾಡಿನಿಂದ. ಅದಕ್ಕೆ ಬರೀ 12 ದಿನ ಹಿಂದೆ, 1911ರ ಡಿಸೆಂಬರ್ 27ರಂದು, ಕಲ್ಕತ್ತಾದ ಕಾಂಗ್ರೆಸ್ ಅಧಿವೇಶನದಲ್ಲಿ ಜನಗಣಮನ ಮೊದಲ ಸಲ ಹಾಡಿದ್ದರು. ಎರಡು ಗುಲಾಮ ದೇಶ, ನಡುವೆ ಒಂದು ಸಮುದ್ರ, ಅಂತರ 12 ದಿನ. ಈ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದ ದಿನ ನನಗೆ ಹಾಡಿಲ್ಲದೆಯೇ ಜುಮ್ಮೆಂದಿತ್ತು.

ಅಲ್ಲಿನ ಬಿಳಿಯರ ಸರ್ಕಾರಕ್ಕೆ ಬೇರೆ ಗೀತೆ ಇತ್ತು, ಆಫ್ರಿಕಾನ್ಸ್ ಭಾಷೆಯದು. 1994ರಲ್ಲಿ ಮಂಡೇಲಾ ಅಧ್ಯಕ್ಷರಾದಾಗ ಹಳೆಯದನ್ನು ಕಿತ್ತು ಬಿಸಾಡಬಹುದಿತ್ತು. ಬಿಸಾಡಲಿಲ್ಲ. ಮೂರು ವರ್ಷ ಎರಡೂ ಗೀತೆ ಇಟ್ಟುಕೊಂಡರು. 1997ರಲ್ಲಿ ಎರಡನ್ನೂ ಮೊಟಕು ಮಾಡಿ ಒಂದಕ್ಕೊಂದು ಹೊಲಿದರು. ಖೋಸಾ, ಜುಲು, ಸೆಸೊಥೊ, ಆಫ್ರಿಕಾನ್ಸ್, ಇಂಗ್ಲಿಷ್, ಹೀಗೆ ಐದು ಭಾಷೆ ಒಂದೇ ಹಾಡಿನಲ್ಲಿ. ಹೊಲಿಗೆ ಎದ್ದು ಕಾಣುತ್ತದೆ. ಮೊದಲರ್ಧದ ಶ್ರುತಿ ಬೇರೆ, ಕೊನೆಯರ್ಧದ ಶ್ರುತಿ ಬೇರೆ. ಹಾಡು ಶುರುವಾದ ಶ್ರುತಿಯಲ್ಲಿ ಮುಗಿಯುವುದೇ ಇಲ್ಲ. ನನ್ನಂಥ ಮೇಷ್ಟ್ರು ಪರೀಕ್ಷೆಯಲ್ಲಿ ಅಂಕ ಕಳೆಯುವ ವಿಷಯ ಅದು. ಆದರೆ ಆ ದೇಶಕ್ಕೆ ಅದೇ ಸರಿ. ಹೊಲಿಗೆ ಮುಚ್ಚಿಟ್ಟಿದ್ದರೆ ಸುಳ್ಳಾಗುತ್ತಿತ್ತು.

ನನ್ನ ಲೆಕ್ಕಾಚಾರಕ್ಕೆ ಎದುರು ಸಾಕ್ಷಿಯೂ ಇದೆ. ಬಚ್ಚಿಡುವುದು ಬೇಡ. ಫ್ರಾನ್ಸ್‌ನ ಗೀತೆ ಬೇಡುವುದೇ ಇಲ್ಲ. ಅದು ಯುದ್ಧಕ್ಕೆ ಕರೆಯುತ್ತದೆ. 1792ರ ಏಪ್ರಿಲ್ 25ರ ರಾತ್ರಿ ಸ್ಟ್ರಾಸ್‌ಬರ್ಗ್‌ನಲ್ಲಿ ರೂಜೆ ದ ಲೀಲ್ ಅನ್ನುವ ಸೇನೆಯ ಎಂಜಿನಿಯರ್ ಕೂತು ಬೆಳಗಾಗುವುದರೊಳಗೆ ಬರೆದು ಮುಗಿಸಿದ. ಮಾರ್ಸೇಲ್ ಊರಿನ ಸ್ವಯಂಸೇವಕರು ಅದನ್ನು ಹಾಡುತ್ತ ಪ್ಯಾರಿಸ್‌ಗೆ ನಡೆದುಬಂದರು, ಅದಕ್ಕೇ ‘ಮಾರ್ಸೇಯೇಸ್’ ಅನ್ನುವ ಹೆಸರು. ವೈರಿಯ ಕೊಳಕು ರಕ್ತ ನಮ್ಮ ಹೊಲದ ಸಾಲಿಗೆ ಹರಿಯಲಿ ಅನ್ನುವ ಮಾತಿದೆ ಅದರಲ್ಲಿ. ಮಕ್ಕಳಿಗೆ ಅರ್ಥ ಹೇಳಿಕೊಡಲು ನನಗೆ ಕಷ್ಟ. ಆದರೂ ಧಾಟಿ ಹೊರಟಿತೆಂದರೆ ಕಾಲು ತಾನಾಗಿ ತಾಳ ಹಾಕುತ್ತದೆ. ನನ್ನ ವಾದ ಅಲ್ಲಿ ಸೋಲುತ್ತದೆ. ಸ್ವಲ್ಪ ಸಮಾಧಾನ ಏನೆಂದರೆ, ಆ ಹಾಡು ನನ್ನ ಕಣ್ಣಲ್ಲಿ ನೀರು ತಂದದ್ದು ಒಂದೇ ಸಲ. 2015ರ ನವೆಂಬರ್ 13ರಂದು ಪ್ಯಾರಿಸ್‌ನಲ್ಲಿ ಉಗ್ರರ ದಾಳಿ ಆಯಿತು. ನಾಲ್ಕು ದಿನ ಬಿಟ್ಟು ಲಂಡನ್ನಿನ ವೆಂಬ್ಲಿಯಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಫುಟ್‌ಬಾಲ್ ಪಂದ್ಯ ಇತ್ತು. ಶತಮಾನಗಟ್ಟಲೆ ಹೊಡೆದಾಡಿದ ಇಂಗ್ಲಿಷರು ಎದ್ದು ನಿಂತು ಫ್ರೆಂಚರ ಹಾಡನ್ನು ತಪ್ಪುತಪ್ಪಾಗಿ ಹಾಡಿದರು. ಅವತ್ತು ಯುದ್ಧದ ಹಾಡೂ ಬೇಡುವ ಹಾಡಾಗಿತ್ತು.

ಇಂಗ್ಲಿಷರ ಸ್ವಂತದ್ದು ಇನ್ನೊಂದು ತಕರಾರು. ದೊರೆಯನ್ನು ಕಾಪಾಡು ದೇವರೇ ಅನ್ನುವುದು ಬೇಡಿಕೆಯೇ. ಆದರೂ ನನಗೆ ಆಕಳಿಕೆ ಬರುತ್ತದೆ. ತಮಗಾಗಿ ಏನೂ ಕೇಳಿಕೊಳ್ಳದೆ ಅರಮನೆಯವರಿಗಾಗಿ ಕೇಳುತ್ತಾರಲ್ಲ, ಅದಕ್ಕಿರಬೇಕು. ಸ್ಪೇನ್‌ನವರ ಗೀತೆಗೆ ಅಧಿಕೃತ ಮಾತೇ ಇಲ್ಲ. ಆಟಗಾರರು ತುಟಿ ಬಿಗಿದು ನಿಂತಿರುತ್ತಾರೆ, ಗ್ಯಾಲರಿಯವರು ‘ಲಾ ಲಾ’ ಅನ್ನುತ್ತಾರೆ. ಅಮೆರಿಕದ್ದು ಹಾಡಲು ಬಲು ಕಷ್ಟ. ಒಂದೂವರೆ ಸ್ಥಾಯಿ ಏರಿಳಿಯುವ ಗಂಟಲು ಬೇಕು (ಕೆಳಗಿನ ‘ಸ’ದಿಂದ ಮೇಲಿನ ‘ಸ’ದ ತನಕ ಒಂದು ಸ್ಥಾಯಿ). ಧಾಟಿ ಲಂಡನ್ನಿನ ಒಂದು ಕ್ಲಬ್ಬಿನ ಹಾಡಿನದು, ಮೂಲದಲ್ಲಿ ಅದು ಮದ್ಯ, ಪ್ರೇಮಗಳನ್ನು ಹಾಡಿದ ಗ್ರೀಕ್ ಕವಿಯೊಬ್ಬನನ್ನು ಹೊಗಳುವ ಹಾಡು. ಅದಕ್ಕೇ ಅಲ್ಲಿ ಸಾಮಾನ್ಯವಾಗಿ ಒಬ್ಬ ಕಲಾವಿದರು ಹಾಡುತ್ತಾರೆ, ಉಳಿದವರು ಕೇಳುತ್ತಾರೆ.

ಎಸ್ಟೋನಿಯಾದ್ದನ್ನು ಮಾತ್ರ ಹೀಗೆ ದಾಟಿ ಹೋಗಲು ಮನಸ್ಸಿಲ್ಲ. ಅವರಿಗೂ ಪಕ್ಕದ ಫಿನ್‌ಲೆಂಡಿಗೂ ಒಂದೇ ಧಾಟಿ, ಮಾತು ಬೇರೆ. ಸೋವಿಯತ್ ಆಳ್ವಿಕೆಯಲ್ಲಿ ಎಸ್ಟೋನಿಯಾದವರು ತಮ್ಮ ಗೀತೆ ಹಾಡುವ ಹಾಗಿರಲಿಲ್ಲ. ಆದರೆ ಸಮುದ್ರದ ಆಚೆ ದಡದಲ್ಲಿ ಫಿನ್‌ಲೆಂಡಿನ ರೇಡಿಯೋ ಕಾರ್ಯಕ್ರಮ ಮುಗಿಸುವಾಗ ತನ್ನ ಗೀತೆ ನುಡಿಸುತ್ತಿತ್ತು. ಇವರು ದನಿ ತಗ್ಗಿಸಿ ರೇಡಿಯೋ ಹಚ್ಚಿ ಪರದೇಶದ ಗೀತೆ ಅನ್ನುವ ನೆವದಲ್ಲಿ ತಮ್ಮದನ್ನೇ ಕೇಳುತ್ತಿದ್ದರು. ಬೇಡುವುದಕ್ಕೂ ಅಪ್ಪಣೆ ಇಲ್ಲದವರು ಇನ್ನೇನು ಮಾಡಿಯಾರು?

ಈಗ ನಮ್ಮದಕ್ಕೆ ಬರೋಣ. ಐದನೇ ಜಾರ್ಜ್ ದೊರೆಯನ್ನು ಹೊಗಳಲು ಬರೆದದ್ದಂತೆ ಹೌದಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ. ಈಗಲೇ ಹೇಳುತ್ತೇನೆ, ಅಲ್ಲ. ಯುಗಯುಗಗಳಿಂದ ಮನುಷ್ಯರ ರಥ ನಡೆಸುತ್ತಿರುವ ಸಾರಥಿ ಯಾವ ಜಾರ್ಜೂ ಆಗಲಾರ ಅಂತ ಟಾಗೋರರೇ 1937ರ ಪತ್ರದಲ್ಲಿ ಬರೆದಿದ್ದಾರೆ. ಸಾಕು.

ಹಾರ್ಮೋನಿಯಂ ಮುಂದೆ ಕೂತರೆ ಬೇರೆಯೇ ವಿಷಯ ಕಾಣುತ್ತದೆ. ಮೊದಲ ಸಾಲು ‘ಸ ರಿ ಗ ಗ ಗ ಗ ಗ’ ಅಂತ ಗಾಂಧಾರದ ಮೇಲೆ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಮಂತ್ರ ಹೇಳಿದ ಹಾಗೆ. ಯಾವ ಮಗುವಾದರೂ ಹಾಡಬಹುದು. ಹಿಂದೂಸ್ತಾನಿಯ ಬಿಲಾವಲ್ ರಾಗ ಅನ್ನಿ, ನಮ್ಮ ಶಂಕರಾಭರಣದ ಸ್ವರ ಅನ್ನಿ, ಎಲ್ಲ ನೇರ. ‘ಗುಜರಾತ ಮರಾಠಾ’ ಹತ್ತಿರ ಒಂದೇ ಒಂದು ಪ್ರತಿಮಧ್ಯಮ, ಅಂದರೆ ಚೂರು ಏರಿಸಿದ ‘ಮ’, ಮಿಂಚಿ ಹೋಗುತ್ತದೆ. ಅದನ್ನು ತಪ್ಪದೆ ಹಾಡಿದ ಮಗುವಿಗೆ ನಾನು ಪೆಪ್ಪರ್‌ಮೆಂಟ್ ಕೊಡುತ್ತಿದ್ದೆ. ಕೊನೆಯ ಮೂರು ‘ಜಯ ಹೇ’ ಮೇಲಿನ ಷಡ್ಜದಿಂದ, ಅಂದರೆ ಮೇಲಿನ ‘ಸ’ದಿಂದ, ಒಂದೊಂದು ಮೆಟ್ಟಿಲು ಇಳಿಯುತ್ತವೆ. ಆಮೇಲೆ ‘ಜಯ ಜಯ ಜಯ ಜಯ ಹೇ’ ಕೆಳಗಿನ ಷಡ್ಜದಿಂದ ಹತ್ತುತ್ತದೆ. ಸ ಸ, ರಿ ರಿ, ಗ ಗ, ರಿ ಗ ಮ. ನಿಂತಿತು. ಎಲ್ಲಿ? ಮಧ್ಯಮದಲ್ಲಿ. ಹಾಡು ಮನೆಗೆ, ಅಂದರೆ ಷಡ್ಜಕ್ಕೆ, ವಾಪಸ್ ಬರುವುದೇ ಇಲ್ಲ. ಮೊದಲ ಸಾಲಿನ ‘ಜಯ ಹೇ’ ಎಲ್ಲಿ ನಿಂತಿತ್ತೋ ಅಲ್ಲೇ ಕೊನೆಯದೂ ನಿಲ್ಲುತ್ತದೆ, ಪ್ರಶ್ನೆ ಕೇಳಿ ಉತ್ತರಕ್ಕೆ ಕಾದವರ ಹಾಗೆ. ಒಂದು ಸಲ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಹಾಡು ಮುಗಿದ ಮೇಲೆ ತಾನೇ ಒಂದು ಷಡ್ಜ ಸೇರಿಸಿದಳು. ಯಾಕಮ್ಮಾ ಅಂದರೆ, “ಸಾರ್, ಅದು ಮುಗಿದೇ ಇಲ್ಲ ಅನ್ಸುತ್ತೆ” ಅಂದಳು. ನನಗೆ ಅಷ್ಟು ವರ್ಷ ನುಡಿಸಿಯೂ ಹೊಳೆದಿರಲಿಲ್ಲ.

ಮಾತಿನಲ್ಲೂ ಅದೇ ಇದೆ. ‘ತವ ಶುಭ ಆಶಿಷ ಮಾಗೇ’. ನಮ್ಮ ಮಕ್ಕಳು ಮಾಗೇ ಅಂದರೆ ಮಾಗಿ ಚಳಿ ಅಂದುಕೊಳ್ಳುತ್ತಾರೆ. ಬಂಗಾಳಿಯಲ್ಲಿ ‘ಮಾಗೇ’ ಅಂದರೆ ಬೇಡುತ್ತದೆ. ಪಂಜಾಬದಿಂದ ಬಂಗಾಳದ ತನಕ, ವಿಂಧ್ಯದಿಂದ ಸಮುದ್ರದ ಅಲೆಯ ತನಕ ಎಲ್ಲವೂ ನಿನ್ನ ಹೆಸರಿನಲ್ಲಿ ಎಚ್ಚರವಾಗುತ್ತವೆ, ನಿನ್ನ ಆಶೀರ್ವಾದ ಬೇಡುತ್ತವೆ. 52 ಸೆಕೆಂಡಿನ ಹಾಡಿನ ನಡುಮಧ್ಯದಲ್ಲಿ ಬೇಡಿಕೆ ಕೂತಿದೆ. ಇದೂ ಬೇಡುವ ಹಾಡೇ ಸರ್.

ಇದನ್ನು ಟಾಗೋರರು ಇಂಗ್ಲಿಷಿಗೆ ಮಾಡಿದ್ದು ಬೆಂಗಳೂರಿಂದ ದೂರವೇನಲ್ಲ, ಆಂಧ್ರದ ಮದನಪಲ್ಲಿಯಲ್ಲಿ. 1919ರ ಫೆಬ್ರವರಿಯಲ್ಲಿ ಅಲ್ಲಿನ ಥಿಯಾಸಾಫಿಕಲ್ ಕಾಲೇಜಿಗೆ ಬಂದು ತಂಗಿದ್ದರು. ಅಲ್ಲಿದ್ದ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಸಂಗೀತ ಓದಿದವರು. ಅವರು ಕೂತು ಸ್ವರ ಬರೆದಿಟ್ಟರು. ರಾಷ್ಟ್ರಗೀತೆಯಾದದ್ದು ತುಂಬ ತಡವಾಗಿ, 1950ರ ಜನವರಿ 24ಕ್ಕೆ. ಅಲ್ಲಿಯ ತನಕ 38 ವರ್ಷ ಜನ ಅದನ್ನು ಸುಮ್ನೆ ಹಾಡಿಕೊಂಡೇ ಬಂದಿದ್ದರು.

ಹಾಗಿದ್ದ ಮೇಲೆ ನಿಮಗೆ ಯಾಕೆ ಜುಮ್ಮೆನ್ನುವುದಿಲ್ಲ? ಉತ್ತರ ನಿಮ್ಮ ಪತ್ರದಲ್ಲೇ ಇದೆ. ಇನ್ನೊಂದು ಸಲ ಓದಿ ನೋಡಿ. ವೇಲ್ಸ್‌ನವರು ‘ಹಾಡಿದಾಗ’ ಅಂತ ಬರೆದಿದ್ದೀರಿ. ನಮ್ಮದನ್ನು ‘ಹಾಕಿದಾಗ’ ಅಂತ ಬರೆದಿದ್ದೀರಿ.

ಈಗ ಎಲ್ಲ ಕಡೆ ಹಾಕುವುದೇ. ಪೆಂಡಾಲಿನವರು ಪೆನ್‌ಡ್ರೈವ್ ಚುಚ್ಚುತ್ತಾರೆ. ದೊಡ್ಡ ಸ್ಪೀಕರಿನಲ್ಲಿ ದೊಡ್ಡ ವಾದ್ಯವೃಂದ ಬರುತ್ತದೆ. ಅದರ ಮುಂದೆ ನಮ್ಮ ಬರಿ ಗಂಟಲು ಯಾರಿಗೆ ಕೇಳಬೇಕು? ತುಟಿ ಅಲ್ಲಾಡಿಸುತ್ತೇವೆ, ಅಥವಾ ಅದೂ ಇಲ್ಲ. 2016ರಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮಂದಿರಗಳಲ್ಲಿ ರಾಷ್ಟ್ರಗೀತೆ ಕಡ್ಡಾಯ ಮಾಡಿತ್ತು. 2018ರ ಜನವರಿಯಲ್ಲಿ ಕಡ್ಡಾಯ ಬೇಡ ಅಂತ ಸಡಿಲಿಸಿತು. ಆ ಒಂದು ವರ್ಷ ನಾನು ನೋಡಿದ ಸಿನಿಮಾಗಳಲ್ಲಿ ಎದ್ದು ನಿಂತವರನ್ನು ಕಂಡೆ, ಪಾಪ್‌ಕಾರ್ನ್ ಡಬ್ಬ ಎದೆಗೆ ಒತ್ತಿಕೊಂಡವರನ್ನು ಕಂಡೆ. ಹಾಡಿದವರು ಬೆರಳೆಣಿಕೆ. ಅಂದಹಾಗೆ ಗೌರವದಿಂದ ನಿಂತರೆ ಸಾಕು, ಹಾಡಲಿಲ್ಲ ಅಂತ ಯಾರನ್ನೂ ಶಿಕ್ಷಿಸುವಂತಿಲ್ಲ ಅಂತ 1986ರಲ್ಲೇ ಕೇರಳದ ಮೂವರು ಮಕ್ಕಳ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ನಾನೂ ಬಲವಂತ ಮಾಡುವವನಲ್ಲ. ಆದರೆ ಹಾಡದೆ ಜುಮ್ಮೆನ್ನಲಿ ಅಂದರೆ ಹೇಗೆ? ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ನೋಡಿದ ಹಾಗೆ, ಗುಂಪಿನಲ್ಲಿ ಹಾಡುವವರ ಎದೆಬಡಿತ ಒಟ್ಟೊಟ್ಟಿಗೆ ಏರಿಳಿಯುತ್ತದಂತೆ. ಉಸಿರು ಒಂದೇ ಹೊತ್ತಿಗೆ ಎಳೆಯುತ್ತಾರಲ್ಲ, ಅದಕ್ಕೆ. ಪೆನ್‌ಡ್ರೈವ್‌ಗೆ ಉಸಿರಿಲ್ಲ.

ನನ್ನ ಆ ಇಪ್ಪತ್ತು ಮೂವತ್ತು ಸಲದಲ್ಲಿ ಒಂದು ನೆನಪಿದೆ. ನಮ್ಮ ಶಾಲೆಯ ಅಟೆಂಡರ್ ಗೀತೆ ಮುಗಿದ ಕೂಡಲೇ ಗಂಟೆ ಹೊಡೆಯಬೇಕಿತ್ತು. ಅದಕ್ಕೆ ಅವರು ಯಾವಾಗಲೂ ವರಾಂಡದ ಕಂಬದ ಪಕ್ಕ ಸುತ್ತಿಗೆ ಹಿಡಿದು ನಿಂತಿರುತ್ತಿದ್ದರು. ಹಾಡುತ್ತಿರಲಿಲ್ಲ, ಕಿವಿ ಪೂರ್ತಿ ಕೊನೆಯ ‘ಹೇ’ ಮೇಲೆ. ನಿವೃತ್ತಿಯ ದಿನ ಸುತ್ತಿಗೆಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟು ಬಂದು ಐದನೇ ಕ್ಲಾಸಿನ ಸಾಲಿನ ಹಿಂದೆ ನಿಂತರು. ಗಟ್ಟಿಯಾಗಿ ಹಾಡಿದರು. ಶ್ರುತಿ ಇಲ್ಲ, ತಾಳಕ್ಕೆ ಅರ್ಧ ಸಾಲು ಹಿಂದೆ. ಮಕ್ಕಳು ‘ದ್ರಾವಿಡ’ ಅನ್ನುವಾಗ ಇವರು ಇನ್ನೂ ‘ಗುಜರಾತ’ದಲ್ಲಿದ್ದರು. ಒಬ್ಬ ಮಗುವೂ ನಗಲಿಲ್ಲ. ನನ್ನ ಕೈ ಕೂದಲೆಲ್ಲ ನಿಂತಿತ್ತು, ಹಾರ್ಮೋನಿಯಂ ಕೀಲಿಗಳು ಕಾಣದ ಹಾಗೆ ಕಣ್ಣು ಮಂಜಾಗಿತ್ತು. ಬೆರಳು ಅಭ್ಯಾಸಬಲದಿಂದ ನುಡಿಸಿತು.

ಹಾಗಾಗಿ ಮುಂದಿನ ಆಗಸ್ಟ್ 15ಕ್ಕೆ ಒಂದು ಕೆಲಸ ಮಾಡಿ. ಬಡಾವಣೆಯ ಸಂಘದವರ ಹತ್ತಿರ ಹಿಂದಿನ ದಿನವೇ ಮಾತಾಡಿ. ಭಾಷಣಕ್ಕೆ ಮೈಕ್ ಇರಲಿ, ಗೀತೆಗೆ ಬೇಡ. ಹಾಡುವ ನಾಲ್ಕು ಜನರನ್ನು, ಅದರಲ್ಲಿ ಇಬ್ಬರಾದರೂ ಮಕ್ಕಳಿರಲಿ, ಮುಂದೆ ನಿಲ್ಲಿಸಿ. ಜನರನ್ನು ದೂರ ದೂರ ನಿಲ್ಲಿಸಬೇಡಿ, ಪಕ್ಕದವರ ದನಿ ಕಿವಿಗೆ ಬೀಳುವಷ್ಟು ಹತ್ತಿರ ಇರಲಿ. ಶ್ರುತಿ ಹಾರ್ಮೋನಿಯಂನ ‘ಬಿಳಿ ಒಂದು’, ಅಂದರೆ ಮೊದಲ ಬಿಳಿ ಕೀಲಿ, ಇಟ್ಟುಕೊಳ್ಳಿ. ಹಾಡಿನ ಹರವು ಒಂದು ಸ್ಥಾಯಿಗಿಂತ ಚೂರು ಜಾಸ್ತಿ, ಅಷ್ಟೇ. ಗಂಡಸರು ಹೆಂಗಸರು ಇಬ್ಬರಿಗೂ ಎಟುಕುತ್ತದೆ. ಸಾಮಾನ್ಯವಾಗಿ ಆಗುವ ಎಡವಟ್ಟು ಏನೆಂದರೆ, ಉತ್ಸಾಹದಲ್ಲಿ ಯಾರೋ ಮೇಲಿನ ಶ್ರುತಿಯಲ್ಲಿ ಶುರುಮಾಡಿಬಿಡುತ್ತಾರೆ. ‘ಪಂಜಾಬ’ದ ತನಕ ಎಲ್ಲ ಸರಿ. ‘ಜಯ ಹೇ’ ಬರುವಾಗ ಅರ್ಧ ಜನ ಕೀರಲು, ಉಳಿದರ್ಧ ಜನ ಬಾಯಿ ಮುಚ್ಚಿರುತ್ತಾರೆ. ಹೆಚ್ಚಾಗಿ ಹೀಗೆ ಶುರುಮಾಡುವವರು ಅಧ್ಯಕ್ಷರೇ. ಅವರಿಗೆ ಬಾವುಟದ ಹಗ್ಗ ಕೊಡಿ.